ಬೀರುವಿಗೆ ಕೊಟ್ಟ ಆದೇಶ

ಕಚೇರಿ ಭಾಷೆಯಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲೇ ಇಲ್ಲ. ಅರ್ಧ ಸುಳ್ಳು, ಇರಲಿ. ಮೊಮ್ಮಗಳು ಸಿಂಗಾರಿಗೆ ತೆಂಗಿನಮರದುದ್ದದ ಹಾವು ಕಚ್ಚಿದಾಗ ಸರ್ಕಾರಿ ಆಸ್ಪತ್ರೆಗೆ ಹೊತ್ತೊಯ್ದೆ. ಎಲ್ಲ ಸರ್ಕಾರಿ ಬೀರುಗಳಂತೆ ಅಲ್ಲಿನ ಔಷಧದ ಬೀರುವೂ ಕಚೇರಿ ಭಾಷೆಗೆ ಮಾತ್ರ ಬಾಗಿಲು ತೆರೆಯುತ್ತದೆ.

"ಹಾವಿನ ಔಷ್ಧಿ ಬೇಗ ಕೊಡೋ, ಮಗು ಹೋಗ್ಬಿಡುತ್ತೆ!" ಎಂದು ಹೊಸ ನರ್ಸಮ್ಮ ಬೀರುವಿನ ಮುಂದೆ ಅಳುತ್ತಿದ್ದಳು. ಬೀರು ಅಲುಗಲಿಲ್ಲ. ಸಿಂಗಾರಿಯ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು.

"ಆಚೆ ಸರಿ ಮಗಾ," ಎಂದು ನಾನೇ ಎದುರು ನಿಂತೆ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಹಾವಿನ ಔಷಧಿಯನ್ನು ತುರ್ತಾಗಿ ಒದಗಿಸಲು ಕೋರಿದೆ."

ಬೀರು ಗುರುಗುಟ್ಟಿತು. "ಯಾರ ಆದೇಶದ ಮೇರೆಗೆ?"

"ಸಕ್ಷಮ ಪ್ರಾಧಿಕಾರದ ಮೌಖಿಕ ಆದೇಶದ ಮೇರೆಗೆ!"

"ಸದರಿ ಪ್ರಾಧಿಕಾರ ಯಾರು?"

"ಸದರಿ ರೋಗಿಯ ಅಜ್ಜಿ!" ಎಂದು ಎದೆ ತಟ್ಟಿಕೊಂಡೆ.

ಮುಂದೇನಾಯಿತು ಅಂತೀಯಾ? ನಿನ್ನ ಚಪ್ಪಲಿ ಬಚ್ಚಿಟ್ಟು ಬಾಗಿಲ ಹಿಂದೆ ಕಿಸಕಿಸ ನಗುತ್ತಿರುವವಳು ಯಾರು, ನೀನೇ ಹೇಳು.