ಎರೆಮಣ್ಣು

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಮಾಸ್ಕ್ ಹಾಕಿಕೊಂಡ ಇಬ್ಬರು ಗೇಟು ತಟ್ಟಿ ಒಳಗೆ ಬಂದರು. ಹಳೆಯ ಪೆಟ್ರೋಲ್ ಡಿಪೋದಲ್ಲಿ ಎಣ್ಣೆ ಇಂಗಿದ ಮಣ್ಣನ್ನು ಅಗೆಸಿ ಸಾಗಿಸುತ್ತಿರುವವರು.

"ಅಕ್ಕಾ, ನಮ್ಮ ಟಿಪ್ಪರ್ ಡ್ರೈವರ್ ಒಬ್ಬ ಆ ಮಣ್ಣನ್ನ ಊರೊಳಗೇ ಎಲ್ಲೋ ಸುರಿದಿದಾನೆ. ಸಿಕ್ಕಿದ್ರೆ ಜೈಲೇ."

ಆ ಡ್ರೈವರ್ ನನ್ನ ಗಂಡನೇ. ನೀರು ನಿಲ್ಲುತ್ತಿದ್ದ ಹಿತ್ತಲನ್ನು ಎತ್ತರಿಸಲು ಹೋದ ತಿಂಗಳು ಎರಡು ಲೋಡು ತಂದು ಹಾಕಿದ್ದರು. ಮಗಳಿಗೆ ಎರೆಮಣ್ಣು ಎಂದೇ ಹೇಳಿದ್ದೆವು. ಈಗಲೂ ಅವಳು ಅಲ್ಲೇ ಕೂತು ಕಡ್ಡಿಯಿಂದ ಕೆದಕುತ್ತಿದ್ದಳು.

ಒಬ್ಬ ಕಾಲಡಿಯ ಕಪ್ಪು ಮಣ್ಣನ್ನು ದಿಟ್ಟಿಸಿದ. "ಇದೆಲ್ಲಿಂದ ಬಂತು?"

"ನನ್ನ ತವರಿನ ಹೊಲದ್ದು ಕಣಣ್ಣ. ಎರೆಮಣ್ಣು."

"ಡೀಸೆಲ್ ವಾಸನೆ ಬರ್ತಿದೆ?"

"ನಮ್ಮನೆಯವರು ಇಲ್ಲೇ ಗಾಡಿ ರಿಪೇರಿ ಮಾಡ್ತಾರೆ. ಚೆಲ್ಲಿರುತ್ತೆ."

ಅವನು ಮಗಳ ಕಡೆ ನೋಡಿ ದನಿ ತಗ್ಗಿಸಿದ. "ಡಿಪೋ ಮಣ್ಣಾದ್ರೆ ಮಕ್ಕಳಿಗೆ ಬಹಳ ಕೆಟ್ಟದ್ದು ಅಕ್ಕಾ. ಹೇಳಿಬಿಡಿ, ಇವತ್ತೇ ತೆಗೆಸ್ತೀವಿ."

ಕೈಯಲ್ಲಿದ್ದ ಅವಳ ಪುಟ್ಟ ಲಂಗವನ್ನು ಮತ್ತೆ ಮತ್ತೆ ಹಿಂಡಿದೆ. ಅದರಲ್ಲಿ ನೀರೇ ಉಳಿದಿರಲಿಲ್ಲ.

"ನನ್ನ ಮಗು ಆಡೋ ಕಡೆ ಅಂಥದ್ದು ಹಾಕಿಸ್ತೀನಾ ನಾನು? ಎರೆಮಣ್ಣೇ ಇದು."

"ಸರಿ ಬಿಡಿ, ತಾಯಿ ಹೇಳಿದ ಮೇಲೆ ಮುಗೀತು" ಎನ್ನುತ್ತಾ ಇಬ್ಬರೂ ಹೊರಟರು. ಗೇಟಿನ ಚಿಲಕ ತೆಗೆಯುವಷ್ಟರಲ್ಲಿ ಮಗಳು ಎದ್ದು ನಿಂತಳು. ಎಷ್ಟು ದಿನದಿಂದ ಒಳಗೇ ಇಟ್ಟುಕೊಂಡಿದ್ದಳೋ, ಜೋರಾಗಿ ಕೇಳಿಬಿಟ್ಟಳು.

"ಅಮ್ಮಾ, ಎರೆಮಣ್ಣಾದ್ರೆ ಎಷ್ಟು ಕೆದಕಿದ್ರೂ ಇದರಲ್ಲಿ ಒಂದು ಎರೆಹುಳಾನೂ ಯಾಕಿಲ್ಲ?"