ಲಾರಿ ಹಿಂದಿನ ಅಕ್ಷರ

ಬಲಕ್ಕೆ ವಾಲಿ, ತುದಿಯಲ್ಲೆಲ್ಲ ಚಪ್ಪಟೆ ಪಾದ ಊರಿ ನಿಂತ ದಪ್ಪ ಅಕ್ಷರಗಳ ಫಾಂಟು ಮಾಡಿ ಪ್ರಶಸ್ತಿ ಗೆದ್ದವನಿಗೆ ಒಂದು ಬೆಳಿಗ್ಗೆ ಪೇಂಟರ್ ದಸ್ತಗಿರಿಯವರ ಫೋನು ಬಂತು. "ಸ್ವಲ್ಪ ಗ್ಯಾರೇಜಿಗೆ ಬಂದು ಹೋಗಿ ಸಾರ್."

ಆ ಅಕ್ಷರಗಳನ್ನು ಅವನು ಎತ್ತಿದ್ದೇ ಈ ಮುದುಕರು ಬರೆದ ಲಾರಿಗಳ ಬೆನ್ನಿನಿಂದ. ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಗೆರೆ ತಿದ್ದಿ, ಕೆಳಗೆ ತನ್ನ ಹೆಸರು ಹಾಕಿಕೊಂಡಿದ್ದ. 'ತಪ್ಪಾಯ್ತು, ಕ್ಷಮಿಸಿ' ಎನ್ನುವುದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಳ್ಳುತ್ತ ಹೋದ.

ಹೊಸ ಲಾರಿಯೊಂದರ ಹಿಂದೆ ಹೆಸರು ಅರ್ಧಕ್ಕೇ ನಿಂತಿತ್ತು. ದಸ್ತಗಿರಿ ಸ್ಟೂಲು ಒರೆಸಿ ಅವನನ್ನು ಕೂರಿಸಿದರು.

"ನಿಮ್ಮ ಅಕ್ಷರ ನೋಡಿದೆ ಸಾರ್."

"ಅದು... ನಾನೇ ಬಂದು ಹೇಳಬೇಕು ಅಂತಿದ್ದೆ..."

"ಇರಿ ಸಾರ್, ಮೊದಲು ನಂದು ಕೇಳಿ. ನಿಂತಿರೋ ಲಾರೀನೂ ಓಡೋ ಹಾಗೆ ಕಾಣ್ಲಿ ಅಂತ ನಾನು ಮೊದಲಿಂದ್ಲೂ ಹೀಗೇ ವಾಲಿಸಿ ಬರೀತೀನಿ. ಅದ್ಯಾಕೋ, ನಿಮಗೂ ಹಾಗೇ ಹೊಳೆದುಬಿಟ್ಟಿದೆ. ಈಗ ಈ ಓನರ್ರು, ದೊಡ್ಡೋರ ಅಕ್ಷರ ಕದೀತೀಯಾ ಅಂತ ಎಲ್ಲರೆದುರು ಬೈದ್ರು. ಬ್ರಶ್ ಕೆಳಗಿಟ್ಟುಬಿಟ್ಟೆ. ನೀವು ಹೂಂ ಅಂದ್ರೆ ಮಾತ್ರ ಬರೀತೀನಿ."

ಮೆಕ್ಯಾನಿಕ್ಕುಗಳು, ಡ್ರೈವರುಗಳು, ಲಾರಿಗೊರಗಿ ನಿಂತಿದ್ದ ಓನರ್ರು, ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಅವನು ತಲೆ ತಗ್ಗಿಸಿದ.

"ಪರವಾಗಿಲ್ಲ," ಎಂದ, "ಬರ್ಕೊಳ್ಳಿ."