ದುಃಖ ಇದ್ದ ಗಂಡಸರು ಬೇಕಾಗಿದ್ದಾರೆ

ಬಾರಿಸುತ್ತಿದ್ದ ಚರ್ಮದ ಹಲಗೆಯ ಮೇಲೆ ಲಾಠಿ ಬಂದು ಕೂತಿತು. ಬಾಲರಾಜನ ಡಂಗುರದ ಕೂಗು ಅರ್ಧಕ್ಕೇ ನಿಂತಿತು.

"ಏನೋ ಅದು? ಇನ್ನೊಮ್ಮೆ ಹೇಳು," ಎಂದ ಪೊಲೀಸ್ ಜಮಾದಾರ ವಿಠೋಬಾ.

ತಾಂಡೂರಿನ ಸಂತೆ ಬೇಳೆ ಅಳೆಯುವುದನ್ನು ಬಿಟ್ಟು ಇತ್ತ ತಿರುಗಿತು. ಬಾಲರಾಜ ಕೈಮುಗಿದ.

"ಧ್ಯಾನಕೂಟ ರಿ, ಸಾಹೇಬ್ರ. ನಮ್ಮ ಇಗರ್ಜಿಯೊಳಗ. ಬರೇ ಗಂಡಸರಿಗೆ. ಮೂರು ದಿನ ಮಾತು ಬಿಟ್ಟು ಕುಂಡ್ರೋದು. ಮನುಷ್ಯಾಗ ದುಃಖ ಯಾಕ ಬರ್ತದ, ಅದಕ್ಕೇನರ್ಥ ಅಂತ ಪಾದ್ರಿಯವರು ಹೇಳ್ತಾರ ರಿ."

"ನಿಮ್ಮ ಮಂದಿಗಷ್ಟೇನು? ಬ್ಯಾರೆಯವ್ರೂ ಬರ್ಬಹುದಾ?"

"ಯಾರಾದ್ರೂ ಬರ್ಬಹುದು ರಿ," ಎಂದವನಿಗೆ ಕೂಡಲೇ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು. ನಿಜಾಮರ ರಾಜ್ಯದಲ್ಲಿ ಆಗ ನಾಲ್ಕು ಜನ ಒಂದೆಡೆ ಸೇರಿದರೆ ಸರ್ಕಾರಕ್ಕೆ ನಿದ್ದೆ ಬರುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು, ತುಟಿ ಪಿಟಕ್ಕೆನ್ನದೆ ಸೇರುವ ಗಂಡಸರೆಂದರೆ ಕೇಳಬೇಕೆ?

ವಿಠೋಬಾ ಲಾಠಿ ಎತ್ತಿಕೊಂಡ. ಬೈಯಲಿಲ್ಲ, ಹೊಡೆಯಲಿಲ್ಲ. "ಹಾಂ, ಬಾರಿಸು," ಎಂದು ಹೊರಟುಹೋದ.

ಜಮಾದಾರ ನಾರಾಯಣಖೇಡದಿಂದ ಬದಲಿಯಾಗಿ ಬಂದವನು. ಅಲ್ಲಿ ಕಾಲರಾದಲ್ಲಿ ಸತ್ತ ಒಬ್ಬನೇ ಮಗನನ್ನು ಬೆಳಿಗ್ಗೆ ಮಣ್ಣು ಮಾಡಿ, ಮಧ್ಯಾಹ್ನವೇ ನಾಕಾದಲ್ಲಿ ನಿಂತು ಬಂಡಿ ತಪಾಸಣೆ ಮಾಡಿದನಂತೆ. ಅಂಥ ಕಲ್ಲೆದೆಯವನು. ಅವನು ಕೆಮ್ಮಿದರೆ ಎತ್ತುಗಳೂ ನಿಲ್ಲುತ್ತವೆ ಎಂದು ಸಂತೆಯವರು ಹೇಳುತ್ತಿದ್ದರು.

ಇತ್ತ ಬಾಲರಾಜನಿಗೆ ಬೇರೆಯದೇ ಸಂಕಟ. ಇಗರ್ಜಿಯಲ್ಲಿ ಮಕ್ಕಳಿಗೆ ಜಪ ಕಲಿಸುವ ಉಪದೇಶಿ ಅವನು. "ನಿನ್ನ ಕಂಠವು ದೇವರ ವರವು," ಎಂದು ಹೊರದೇಶದ ಪಾದ್ರಿಯವರು ತಮ್ಮ ಪುಸ್ತಕದ ಕನ್ನಡದಲ್ಲಿ ಹೊಗಳಿ ಡಂಗುರ ಹೊಡೆಯುವ ಈ ಕೆಲಸಕ್ಕೆ ಹಚ್ಚಿದ್ದರು. ಕಂಠವೇನೋ ಹಳ್ಳಿಹಳ್ಳಿ ಮುಟ್ಟಿತು. ಗಂಡಸರು ಮಾತ್ರ ಜಗ್ಗಲಿಲ್ಲ.

"ನನಗ ದುಃಖ ಅದ ಅಂತ ಊರಿಗೆ ಗೊತ್ತಾದ್ರ ನನ್ನ ಬ್ಯಾಳಿ ಯಾರು ಕೊಳ್ತಾರೋ?" ಎಂದ ವ್ಯಾಪಾರಿ ಶಾಂತಪ್ಪ.

"ಮೆಲ್ಲಗ ಬಾರಿಸಪ್ಪಾ," ಎಂದು ರೈತ ಬಂಡೆಪ್ಪ ಕೈ ಮುಗಿದ. "ನಾ ಬಂದೆ ಅಂದ್ರ, ನಾ ಏನು ದುಃಖ ಕೊಟ್ಟೀನಿ ಹೇಳು ಅಂತ ಮನ್ಯಾಗ ಹೆಂಡ್ತಿ ಹಟ ಹಿಡಿದು ಕೂಡ್ತಾಳ. ಅದಕ್ಕ ನಿಮ್ಮ ಪಾದ್ರಿ ಅರ್ಥ ಹೇಳ್ತಾನೇನು?"

ಎರಡನೆಯ ಸಲ ವಿಠೋಬಾ ಸಿಕ್ಕಿದ್ದು ಬಾವಿ ಕಟ್ಟೆಯ ಹತ್ತಿರ. ಸುತ್ತಮುತ್ತ ನೋಡಿ ಹತ್ತಿರ ಬಂದ.

"ನಿಮ್ಮ ಇಗರ್ಜಿ ಗ್ವಾಡಿ ದಪ್ಪ ಅವ ಏನು?"

"ತಾಂಡೂರ ಕಲ್ಲು ರಿ. ಮೊಳ ದಪ್ಪ."

"ಅಂದ್ರ ಒಳಗಿನ ಸಪ್ಪಳ ಹೊರಗ ಕೇಳೋದಿಲ್ಲ."

"ಇಲ್ಲ ರಿ."

"ಯಾರ‍್ಯಾರು ಬಂದಾರಂತ ಹೊರಗಿನವ್ರು ಕೇಳಿದ್ರ ಹೆಸರು ಹೇಳ್ತೀಯೇನು?"

ಇದು ಬಾಯಿ ಬಿಡಿಸುವ ಉಪಾಯವೆಂದು ಬಾಲರಾಜನಿಗೆ ಖಾತ್ರಿಯಾಯಿತು. ಹೆದರಿಕೆಯಲ್ಲೇ ಎಲ್ಲಿಂದಲೋ ಒಂದಿಷ್ಟು ಧೈರ್ಯ ಬಂತು. "ಕೊಂದ್ರೂ ಹೇಳೋದಿಲ್ಲ ರಿ!"

ಜಮಾದಾರ ಅವನನ್ನೇ ದಿಟ್ಟಿಸಿ, ಮೀಸೆ ತೀಡಿ, "ನೆನಪಿಡು," ಎಂದು ನಡೆದ.

ಮನೆಗೆ ಬಂದವನು ಗಡಿಗೆ ನೀರು ಗಟಗಟ ಕುಡಿದ. ಹೆಂಡತಿ ಸಾಯಮ್ಮ ಎಲ್ಲ ಕೇಳಿ, "ನಿನ್ನ ಹಿಡ್ಕೊಂಡು ಹೋದ್ರ ದುಃಖದ ಅರ್ಥ ನನಗ ತಿಳೀತದ ಬಿಡು. ಪಾದ್ರಿ ಬ್ಯಾರೆ ಹೇಳೋದು ಬ್ಯಾಡ," ಎಂದಳು. ಪಾದ್ರಿಯವರಿಗೆ ಹೇಳಿದರೆ ಅವರು ನಕ್ಕುಬಿಟ್ಟರು. "ಅಂಜಬೇಡ, ಬಾಲರಾಜಾ. ಪೊಲೀಸರು ಬಂದರೆ ಅವರಿಗೂ ಗಂಜಿ ಬಡಿಸೋಣ."

ಧ್ಯಾನಕೂಟದ ಸಂಜೆ ಬಂತು. ಇಗರ್ಜಿಯ ಏಳೆಂಟು ಜನ ಬಂದು ಚಾಪೆ ಹಾಸಿಕೊಂಡರು. ಸಂತೆಯವರು ಯಾರೂ ಬರಲಿಲ್ಲ. ಬಂಡೆಪ್ಪ ಮಾತ್ರ ಬೇಲಿಯತನಕ ಬಂದು, ಒಳಗೆ ಇಣುಕಿ, ಎತ್ತು ಹುಡುಕುವವನಂತೆ ನಟಿಸಿ ತಿರುಗಿ ಹೋದ.

ಬಾಲರಾಜ ಕದ ಮುಚ್ಚಬೇಕೆನ್ನುವಷ್ಟರಲ್ಲಿ ಬೇವಿನ ಮರದ ಹಿಂದೆ ಯಾರೋ ಅಲುಗಾಡಿದರು. ವಿಠೋಬಾ! ಮೈಮೇಲೆ ಸರ್ಕಾರಿ ಬಟ್ಟೆ ಇರಲಿಲ್ಲ. ಧೋತರ, ಅಂಗಿ, ತಲೆಗೆ ಹಳ್ಳಿಯವನ ರುಮಾಲು. ಕಂಕುಳಲ್ಲಿ ಏನೋ ಗಂಟು. ವೇಷ ಮರೆಸಿ ಬಂದಿದ್ದಾನೆ, ಗಂಟಿನಲ್ಲಿ ಬೇಡಿ ಇರಬೇಕು, ಹಿಂದೆ ಸಿಪಾಯಿಗಳು ಇರಬೇಕು ಎಂದು ಬಾಲರಾಜ ಲೆಕ್ಕ ಹಾಕಿದ. ಒಳಗಿದ್ದವರನ್ನು ಹಿತ್ತಲ ಬಾಗಿಲಿನಿಂದ ಓಡಿಸಲೇ? ಅಷ್ಟು ಹೊತ್ತಿರಲಿಲ್ಲ. ಕೊನೆಗೆ ಎರಡೂ ಕೈ ಚಾಚಿ ಹೊಸ್ತಿಲಿಗೆ ಅಡ್ಡ ನಿಂತ.

"ಹಿಡಿಯೋದಿದ್ರ ನನ್ನ ಹಿಡೀರಿ, ಸಾಹೇಬ್ರ. ಕೂಗಿದವ ನಾ. ಅವರನ್ನ ಬಿಡ್ರಿ."

ವಿಠೋಬಾ ಅವನ ಕೈ ಸರಿಸಿ ಒಳಗೆ ಬಂದ. ತಾನೇ ಕದ ಮುಂದೂಡಿ, ತಾನೇ ಅಗಳಿ ಹಾಕಿದ. ಗಂಟು ಕೆಳಗಿಳಿಸಿದ. ಅದರೊಳಗಿಂದ ಒಂದು ಕಂಬಳಿ ಹೊರಬಿತ್ತು. ಎತ್ತುಗಳನ್ನು ನಿಲ್ಲಿಸುವ ಆ ಗಂಟಲಿನಿಂದ ಎಳೆಯಷ್ಟೇ ದನಿ ಬಂತು.

"ಇಲ್ಲಿ ಮಾತಾಡಂಗಿಲ್ಲ ಅಂದಿದ್ದಿ, ಬಾಲರಾಜಾ... ಅಳಬಹುದೇನಪ್ಪಾ?"